130 ವರ್ಷದ ಹಿಂದಿನ ಬ್ಯಾಲೆ ಹೆಜ್ಜೆ ಈಗಿನವರಿಗೆ ಹೇಗೆ ಗೊತ್ತು?

ಕಾಫಿಪುಡಿ
ನೃತ್ಯದ ವಿಷಯದಲ್ಲಿ ನಾನು ಬರೀ ನೋಡುಗ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈಚೆಗೆ ‘ಸ್ವಾನ್ ಲೇಕ್’ ಬ್ಯಾಲೆಯ ಎರಡು ರೆಕಾರ್ಡಿಂಗ್ ನೋಡಿದೆ. ಒಂದರಲ್ಲಿ ಮಾಂತ್ರಿಕನ ಮಾಟದಿಂದ ಹಂಸವಾಗಿರುವ ಒಡೆಟ್, ರಾಜಕುಮಾರ ಇಬ್ಬರೂ ಕೊನೆಗೆ ಕೆರೆಗೆ ಹಾರಿ ಪ್ರಾಣ ಬಿಡುತ್ತಾರೆ. ಇನ್ನೊಂದರಲ್ಲಿ ರಾಜಕುಮಾರ ಮಾಂತ್ರಿಕನ ರೆಕ್ಕೆ ಕಿತ್ತೆಸೆಯುತ್ತಾನೆ, ಎಲ್ಲಾ ಸುಖಾಂತ. ಕುಣಿತದಲ್ಲೂ ಅಲ್ಲಲ್ಲಿ ವ್ಯತ್ಯಾಸ. ಆದರೆ ಎರಡರಲ್ಲೂ ಹೆಸರು ತೋರಿಸುವಾಗ ಹೆಜ್ಜೆ ಸಂಯೋಜಿಸಿದವರು ಪೆಟಿಪಾ ಮತ್ತು ಇವಾನೋವ್, 1895 ಅಂತಲೇ ಹಾಕಿದ್ದಾರೆ.

ಆಗ ವಿಡಿಯೋ ಇರಲಿಲ್ಲ. ಸಂಗೀತಕ್ಕಾದರೆ ಚೈಕೋವ್‌ಸ್ಕಿ ಬರೆದಿಟ್ಟ ಹಾಳೆ ಇದೆ. ಹೆಜ್ಜೆಗೆ ಏನಿದೆ? ಯಾವುದು ಅಸಲಿ ಅಂತ ಯಾರು ಹೇಳುವುದು? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ತರ್ಲೆ ತಿಮ್ಮ
ಸುಖಾಂತದ ಶೋಗೆ ಟಿಕೆಟ್ ರೇಟ್ ಜಾಸ್ತಿ ಇರಬೇಕು.

ಥೇಮ್ಸ್ ದಂಡೆ
@ಕಾಫಿಪುಡಿ, 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಆಡಿದಾಗ ಇಬ್ಬರೂ ಸಾಯುತ್ತಿದ್ದರು. ಸುಖಾಂತ ಸೋವಿಯತ್ ಕಾಲದ ತಿದ್ದುಪಡಿ. ಆ ಊರಿನ ಮಾರಿನ್‌ಸ್ಕಿ ರಂಗಮಂದಿರದವರು ಆಡುವುದು ಕಾನ್‌ಸ್ಟಂಟಿನ್ ಸೆರ್ಗೆಯೆವ್ 1950ರಲ್ಲಿ ಮಾಡಿಸಿದ ರೂಪ. ನೀವು ಹೇಳಿದ ರೆಕ್ಕೆ ಕೀಳುವುದು ಅದರಲ್ಲೇ ಬರುತ್ತದೆ.

ಅಷ್ಟಕ್ಕೂ 1895ರದ್ದೂ ಮೊದಲನೆಯದಲ್ಲ. 1877ರಲ್ಲಿ ಮಾಸ್ಕೋದಲ್ಲಿ ರೈಸಿಂಗರ್ ಎಂಬುವವರು ಇದನ್ನು ಮಾಡಿಸಿದ್ದರು. ಅಷ್ಟೇನೂ ಹೆಸರು ಬರಲಿಲ್ಲ. ಆ ಹೆಜ್ಜೆಗಳು ಹೋದವು, ಅಷ್ಟೇ. ಚೈಕೋವ್‌ಸ್ಕಿ 1893ರಲ್ಲಿ ತೀರಿಕೊಂಡರು. ಇವತ್ತು ಎಲ್ಲರೂ ಕೊಂಡಾಡುವ ‘ಸ್ವಾನ್ ಲೇಕ್’ ಅವರ ಕಣ್ಣಿಗೆ ಬೀಳಲೇ ಇಲ್ಲ.

ಹುಬ್ಬಳ್ಳಿ ಗಿರಮಿಟ್
ರಷ್ಯಾದವರ ಕಲೆ ರೀ ಅದು. ಅವರ ಮನಿ ಸಾಮಾನು, ಅವರು ಹೆಂಗ ಬೇಕಾದರೂ ಇಟ್ಟುಕೊಳ್ಳಲಿ. ನಮಗ್ಯಾಕ ಅಸಲಿ ನಕಲಿ ತಂಟೆ?

ಮೇಷ್ಟ್ರು ಶಿವಮೊಗ್ಗ
ರಷ್ಯಾದವರದ್ದು ಅನ್ನುವುದು ಪೂರ್ತಿ ಸರಿಯಲ್ಲ ಸ್ವಾಮಿ. ಇಟಲಿಯ ಅರಮನೆಗಳಲ್ಲಿ ಔತಣ, ಮದುವೆಗಳಿಗೆ ಆಡುತ್ತಿದ್ದ ಕುಣಿತ ಇದು. ಮೆಡಿಚಿ ಮನೆತನದ ಕ್ಯಾಥರೀನ್ ಫ್ರಾನ್ಸಿಗೆ ಸೊಸೆಯಾಗಿ ಹೋದರು, ಆ ಶೋಕಿಯೂ ಜೊತೆಗೆ ಹೋಯಿತು. 1581ರಲ್ಲಿ ಪ್ಯಾರಿಸ್ ಆಸ್ಥಾನದ ಮದುವೆಯೊಂದಕ್ಕೆ ನಡೆದ ಪ್ರದರ್ಶನವನ್ನು ಎಷ್ಟೋ ಜನ ಮೊದಲ ಬ್ಯಾಲೆ ಎಂದು ಲೆಕ್ಕ ಹಿಡಿಯುತ್ತಾರೆ. ಆಮೇಲೆ 14ನೇ ಲೂಯಿ. ಆತ ಸ್ವತಃ ಕುಣಿಯುತ್ತಿದ್ದ. 1653ರಲ್ಲಿ, ಇನ್ನೂ 14ರ ಹುಡುಗ, ಮೈತುಂಬ ಚಿನ್ನದ ಬಣ್ಣದ ಕಿರಣಗಳನ್ನು ಕಟ್ಟಿಕೊಂಡು ಸೂರ್ಯನಾಗಿ ರಂಗಕ್ಕೆ ಬಂದ. ರಾಜ ಅಂದರೆ ಸೂರ್ಯ, ಉಳಿದ ಸಾಮಂತರೆಲ್ಲ ಸುತ್ತ ಸುತ್ತಬೇಕು. ರಾಜಕೀಯ ಹೇಗಿದೆ ನೋಡಿ!

1661ರಲ್ಲಿ ಆತನೇ ನೃತ್ಯಕ್ಕೊಂದು ಅಕಾಡೆಮಿ ಮಾಡಿಸಿದ. ಪಾದ ಇಡುವ ಐದು ಸ್ಥಾನಗಳನ್ನು ಗೊತ್ತುಮಾಡಿದ್ದು ಅವನ ಮೇಷ್ಟ್ರು ಪಿಯೆರ್ ಬೋಶಾಂ. ಟೋಕಿಯೊದಲ್ಲಿ ಕಲಿತರೂ ಹವಾನಾದಲ್ಲಿ ಕಲಿತರೂ ಇವತ್ತಿಗೂ ಪ್ಲಿಯೆ (ಮಂಡಿ ಬಗ್ಗಿಸುವುದು), ತಾಂದ್ಯು (ಕಾಲು ಚಾಚುವುದು) ಅಂತ ಫ್ರೆಂಚ್ ಹೆಸರೇ ಇರುವುದು ಇದಕ್ಕೇ. ಮೊದಮೊದಲು ಪ್ಯಾರಿಸ್ ಒಪೆರಾದಲ್ಲಿ ಹೆಣ್ಣು ಪಾತ್ರಗಳನ್ನೂ ಗಂಡಸರೇ ಮಾಡುತ್ತಿದ್ದರು. ವೃತ್ತಿಯ ಹೆಂಗಸರು ಅಲ್ಲಿ ರಂಗಕ್ಕೆ ಬಂದದ್ದು 1681ರಲ್ಲಿ.

ರಷ್ಯಾದಲ್ಲಿ ಶಾಲೆ ಶುರುವಾದದ್ದು 1738. ಶುರು ಮಾಡಿದವರು ಲಾಂದೆ ಎಂಬ ಫ್ರೆಂಚ್ ಮೇಷ್ಟ್ರು. ಪೆಟಿಪಾ ಕೂಡ ಮಾರ್ಸೇಯ್ ಊರಿನವರು. 1847ರಲ್ಲಿ ಕೆಲಸ ಹುಡುಕಿಕೊಂಡು ಹೋಗಿ ಅಲ್ಲೇ ಉಳಿದರು.

ಹುಬ್ಬಳ್ಳಿ ಗಿರಮಿಟ್
ಮೇಷ್ಟ್ರೇ, ಹಡೆದವರು ಯಾರೋ ಇರಲಿ, ಸಾಕಿದವರು ಯಾರು ಹೇಳ್ರಿ? ‘ಜಿಸೆಲ್’ ಬ್ಯಾಲೆ ಹುಟ್ಟಿದ್ದು ಪ್ಯಾರಿಸ್ಸಿನಾಗ, 1841. ಪ್ಯಾರಿಸ್ಸಿನವರೇ 1868ಕ್ಕೆ ಅದನ್ನು ಆಡುವುದು ಬಿಟ್ಟರು. ಪೆಟಿಪಾ ರಷ್ಯಾದಾಗ ಇಟ್ಟುಕೊಂಡಿದ್ದಕ್ಕೆ ಉಳೀತು. 1910ರಲ್ಲಿ ರಷ್ಯಾದ ದಿಯಾಗಿಲೆವ್ ಅವರ ತಂಡ ಅದನ್ನು ವಾಪಸ್ ಪ್ಯಾರಿಸ್ಸಿಗೇ ಒಯ್ದು ತೋರಿಸಿತು. ತಮ್ಮ ಕೂಸನ್ನು ತಾವೇ ಗುರುತು ಹಿಡಿಯಬೇಕಾತು!

ಮೇಷ್ಟ್ರು ಶಿವಮೊಗ್ಗ
ಅದು ಒಪ್ಪತಕ್ಕ ಮಾತು.

ಮೂವತ್ತರ ಪ್ಲಿಯೆ
ಮೂಲ ಪ್ರಶ್ನೆಗೆ ಬರೋಣ. ಹೆಜ್ಜೆಗೂ ಹಾಳೆ ಇತ್ತು. ಸ್ಟೆಪಾನೋವ್ ಎಂಬ ನರ್ತಕ 1892ರಲ್ಲಿ ಒಂದು ಬರವಣಿಗೆಯ ಪದ್ಧತಿ ಪ್ರಕಟಿಸಿದರು. ನೋಡಲು ಸಂಗೀತದ ಸ್ವರಲಿಪಿಯ ಹಾಗೇ ಇದೆ, ಆದರೆ ಗೆರೆಗಳು ಕಾಲು, ಕೈ, ತಲೆಗೆ. ಪೀಟರ್ಸ್‌ಬರ್ಗ್‌ನಲ್ಲಿ ಪೆಟಿಪಾ ಕಾಲದ ಸುಮಾರು ಬ್ಯಾಲೆಗಳನ್ನು ಈ ಲಿಪಿಯಲ್ಲಿ ಬರೆದಿಟ್ಟರು. ಅಲ್ಲಿನ ಮೇಲ್ವಿಚಾರಕ ನಿಕೊಲಾಯ್ ಸೆರ್ಗೆಯೆವ್ ಕ್ರಾಂತಿ ಆದ ಮೇಲೆ ಆ ಹಾಳೆಗಳನ್ನು ಹೊತ್ತುಕೊಂಡು ದೇಶ ಬಿಟ್ಟರು. (ಮೇಲೆ ಬಂದ ಕಾನ್‌ಸ್ಟಂಟಿನ್ ಬೇರೆ, ಇವರು ಬೇರೆ.) 1930ರ ದಶಕದಲ್ಲಿ ಲಂಡನ್ನಿನಲ್ಲಿ ನಿನೆಟ್ ಡಿ ವಲ್ವಾ ಹೊಸದಾಗಿ ತಂಡ ಕಟ್ಟುತ್ತಿದ್ದರು, ಮುಂದೆ ರಾಯಲ್ ಬ್ಯಾಲೆ ಆದದ್ದು ಅದೇ. ಅವರು ಸೆರ್ಗೆಯೆವ್ ಅವರನ್ನು ಕರೆಸಿ ‘ಜಿಸೆಲ್’, ‘ಸ್ವಾನ್ ಲೇಕ್’, ‘ಸ್ಲೀಪಿಂಗ್ ಬ್ಯೂಟಿ’ ಎಲ್ಲ ಮಾಡಿಸಿದರು. ಆ ಹಾಳೆಗಳು ಈಗ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿವೆ.

ಆದರೆ ಹಾಳೆ ನಂಬಿಕೊಂಡು ಕೂತರೆ ಆಗಲ್ಲ. ಕೆಲವು ಪುಟಗಳಲ್ಲಿ ಎಲ್ಲಾ ಇದೆ. ಕೆಲವುದರಲ್ಲಿ ಬರೀ ಕಾಲು, ಕೈ ಜಾಗ ಖಾಲಿ. ಕೆಲವುದರಲ್ಲಿ ನರ್ತಕಿ ರಂಗದ ಮೇಲೆ ಎಲ್ಲಿಂದ ಎಲ್ಲಿಗೆ ಹೋದಳು ಅನ್ನುವ ಗೆರೆ ಮಾತ್ರ. ಉಳಿದದ್ದನ್ನು ತುಂಬುವುದು ಆ ಪಾತ್ರ ಮಾಡಿದವರು. ತಾಲೀಮು ಕೋಣೆಯಲ್ಲಿ ಹಳೆಯ ನರ್ತಕಿ ಕುರ್ಚಿ ಮೇಲೆ ಕೂತಿರುತ್ತಾರೆ. ಎದ್ದು ಬಂದು ಹುಡುಗಿಯ ಭುಜ ಒಂದು ಚೂರು ಕೆಳಗೆ ಒತ್ತುತ್ತಾರೆ. ಆ ಒಂದು ಚೂರು ಯಾವ ಹಾಳೆಯಲ್ಲೂ ಇಲ್ಲ.

ಕುಂದಾಪ್ರ ಮಾಣಿ
ಇದು ನಮ್ಮ ಯಕ್ಷಗಾನದ ಹಾಗೆಯೇ ಆಯ್ತಲ್ಲ ಮಾರಾಯ್ರೆ. ಪ್ರಸಂಗ ಒಂದೇ, ಪದ್ಯವೂ ಅದೇ. ಬಡಗಿನಲ್ಲಿ ಒಂದು ನಡೆ, ತೆಂಕಿನಲ್ಲಿ ಇನ್ನೊಂದು. ಹಿರಿಯ ವೇಷಧಾರಿ ಒಬ್ಬರು ಏನೋ ಹೊಸತು ಮಾಡಿದರೆ ಹತ್ತು ವರ್ಷದಲ್ಲಿ ಅದೇ ಸಂಪ್ರದಾಯ. ಪ್ರಸಂಗಕರ್ತನ ಹೆಸರು ಮಾತ್ರ ಬ್ಯಾನರಿನಲ್ಲಿ ಹಾಗೇ ಇರ್ತದೆ.

ಲೆಕ್ಕಾಚಾರ
ಅಂದರೆ ಪೋಸ್ಟರಿನಲ್ಲಿ ಪೆಟಿಪಾ ಹೆಸರು ಹಾಕುವುದು ಸುಳ್ಳು ಅಂತಾಯಿತು ಅಲ್ವಾ? ತಿದ್ದಿದವರ ಹೆಸರು ಹಾಕಲಿ. ಅದು ಬಿಟ್ಟು ‘ಪರಂಪರೆ’ ಅಂತ ಟಿಕೆಟ್ ಮಾರುವುದು ನನಗೆ ಸರಿ ಕಾಣಲ್ಲ.

ಥೇಮ್ಸ್ ದಂಡೆ
@ಲೆಕ್ಕಾಚಾರ, ಅಪ್ಪಟ 1895 ಬೇಕು ಅನ್ನುವವರು ಒಮ್ಮೆ ಯೋಚನೆ ಮಾಡಿ. ಆಗ ರಾಜಕುಮಾರನ ಪಾತ್ರ ಮಾಡಿದ ಪಾವೆಲ್ ಗೆರ್ಟ್‌ಗೆ 50 ವರ್ಷ! ಅದಕ್ಕೇ ಕೆರೆದಂಡೆಯ ಪ್ರೇಮದ ನೃತ್ಯದಲ್ಲಿ ಅವನ ಗೆಳೆಯ ಬೆನ್ನೊ ಕೂಡ ರಂಗದ ಮೇಲೆ ನಿಂತು ಒಡೆಟ್‌ನನ್ನು ಹಿಡಿಯುತ್ತಿದ್ದ. ಇಬ್ಬರ ಪ್ರಣಯಕ್ಕೆ ಮೂರನೆಯವನ ಕೈ. ಲಂಡನ್ನಿನಲ್ಲಿ ಎಷ್ಟೋ ವರ್ಷ ಹಾಗೇ ಆಡಿದರು. ಆಮೇಲೆ ಬೆನ್ನೊನನ್ನು ಕಳಿಸಿಬಿಟ್ಟರು, ಯಾರೂ ಅಳಲಿಲ್ಲ.

ಇನ್ನು ‘ಸ್ವಾನ್ ಲೇಕ್’ನಲ್ಲಿ ಬರುವ ಆ 32 ಫುಯೆಟೆ. ಒಂದೇ ಕಾಲಿನ ತುದಿಯಲ್ಲಿ ನಿಂತು, ಇನ್ನೊಂದು ಕಾಲನ್ನು ಚಾಟಿಯಂತೆ ಬೀಸಿ ತಿರುಗುವುದು. ಇಟಲಿಯ ಪಿಯೆರಿನಾ ಲೆನ್ಯಾನಿ ಅದರಲ್ಲಿ ಪಳಗಿದ್ದರು. ಬೇರೊಂದು ಬ್ಯಾಲೆಯಲ್ಲಿ ಮಾಡಿ ಚಪ್ಪಾಳೆ ಗಿಟ್ಟಿಸಿದ್ದರು, ಅದನ್ನೇ ಇಲ್ಲಿಗೂ ತಂದರು. ಒಬ್ಬರ ಕಸರತ್ತು ಈಗ ಎಲ್ಲರ ತಲೆಮೇಲಿನ ಪರೀಕ್ಷೆ. ಮಾಸ್ಕೋದ ಬೊಲ್ಶೊಯ್ ತಂಡದ ಮಾಯಾ ಪ್ಲಿಸೆಟ್‌ಸ್ಕಾಯಾ ಅಂಥವರು ಮಾತ್ರ ‘ನನಗೆ ಬೇಡ’ ಅಂತ ಅಲ್ಲಿ ಬೇರೆ ಸುತ್ತು ಹಾಕಿಕೊಂಡರು. ಅವರನ್ನು ಯಾರು ಕೇಳುತ್ತಾರೆ?

ಲೆಕ್ಕಾಚಾರ
ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಬದಲಾಯಿಸಬೇಡಿ ಅಂತ ನಾನು ಹೇಳಿಲ್ಲ. ಬದಲಾಯಿಸಿದ್ದನ್ನು ಹೇಳಿ ಅಂದೆ.

ಮೂವತ್ತರ ಪ್ಲಿಯೆ
ಹೇಳುವವರೂ ಇದ್ದಾರೆ. ಅಲೆಕ್ಸೈ ರಟ್ಮಾನ್‌ಸ್ಕಿ 2015ರಲ್ಲಿ ಅಮೆರಿಕನ್ ಬ್ಯಾಲೆ ಥಿಯೇಟರಿಗೆ ಪೆಟಿಪಾ ಅವರ 1890ರ ‘ಸ್ಲೀಪಿಂಗ್ ಬ್ಯೂಟಿ’ ಮಾಡಿಸಿದಾಗ ಆ ಹಾರ್ವರ್ಡ್ ಹಾಳೆಗಳನ್ನು ತಾವೇ ಓದಿ ಮಾಡಿಸಿದರು. ಕಾಲು ಸೊಂಟದ ಮಟ್ಟಕ್ಕಿಂತ ಜಾಸ್ತಿ ಎತ್ತುವ ಹಾಗಿಲ್ಲ. ಮಂಡಿ ಸ್ವಲ್ಪ ಬಾಗಿರಬೇಕು. ಸಂಗೀತ ಬೇಗ ಬೇಗ ಹೋಗಬೇಕು. ಈಗಿನ ನರ್ತಕಿಯರಿಗೆ ಕಾಲು ಕಿವಿಯ ತನಕ ಎತ್ತಿ ಎತ್ತಿ ರೂಢಿ, ಅದನ್ನು ಬಿಡುವುದೇ ಕಷ್ಟ. ನನಗಂತೂ ಇಷ್ಟವಾಯಿತು. ಕಾಲು ಕೆಳಗೆ ಇದ್ದಾಗ ಮುಖ ಕಾಣುತ್ತದೆ, ಪಾದದ ಸಣ್ಣ ಸಣ್ಣ ಕೆಲಸ ಕಾಣುತ್ತದೆ.

ತರ್ಲೆ ತಿಮ್ಮ
ನನಗೆ ಮಂಡಿ ಹುಟ್ಟಿನಿಂದಲೇ ಬಾಗಿದೆ. ನಾನೇ ಅಪ್ಪಟ 1890.

ತಟ್ಟುಮಣೆ
ಭರತನಾಟ್ಯ ಕಲಿಸುವವಳು ನಾನು, ಸ್ವಲ್ಪ ಕಹಿ ಮಾತು ಆಡುತ್ತೇನೆ. ಹಳೆಯದನ್ನು ಹಾಗೇ ಉಳಿಸಿ ಅನ್ನುವವರು ‘ಲಾ ಬಯದೇರ್’ ನೋಡಿ. ಪೆಟಿಪಾ 1877ರಲ್ಲಿ ಮಾಡಿದ್ದು. ಭಾರತದ ದೇವಸ್ಥಾನದ ನರ್ತಕಿ ನಿಕಿಯಾ, ಯೋಧ ಸೊಲೊರ್, ರಾಜನ ಮಗಳು ಗಮ್ಜಾಟಿ. ಹೂಬುಟ್ಟಿಯಲ್ಲಿ ಹಾವು. ಹೆಸರುಗಳು ಕೇಳಿದರೆ ಯಾವ ಊರಿನವು ಅಂತಲೇ ಗೊತ್ತಾಗಲ್ಲ. ಬ್ರಾಹ್ಮಣ, ಫಕೀರ, ಎಲ್ಲಾ ಒಂದೇ ಗುಡಿಯಲ್ಲಿ. ಮಕ್ಕಳ ಮುಖಕ್ಕೆ ಕಪ್ಪು ಬಣ್ಣ ಬಳಿದು ಕುಣಿಸುವುದನ್ನು ಬೊಲ್ಶೊಯ್‌ನವರು 2019ರಲ್ಲೂ ಬಿಟ್ಟಿರಲಿಲ್ಲ. ಆ ವರ್ಷ ಅಮೆರಿಕದ ಕಪ್ಪು ನರ್ತಕಿ ಮಿಸ್ಟಿ ಕೋಪ್‌ಲ್ಯಾಂಡ್ ಆ ಫೋಟೋ ಹಾಕಿ ಪ್ರಶ್ನೆ ಕೇಳಿದ್ದಕ್ಕೆ ಅವರ ಮೇಲೇ ಎಗರಿದರು.

ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ನಿಜವಾದ ದೇವದಾಸಿಯರು ಏನು ಮಾಡುತ್ತಾರೆ ಅಂತ ಯುರೋಪಿನವರು ನೋಡಿರಲಿಲ್ಲ ಅನ್ನುವ ಹಾಗಿಲ್ಲ. 1838ರಲ್ಲಿ ಪಾಂಡಿಚೇರಿ ಹತ್ತಿರದ ತಿರುವೇಂದಿಪುರಂನಿಂದ ಒಂದು ತಂಡ ಪ್ಯಾರಿಸ್ಸಿಗೆ ಹೋಗಿ ಕುಣಿದಿತ್ತು. ಅದರಲ್ಲಿದ್ದ ಅಮ್ಮಣಿಯನ್ನು ನೋಡಿ ಕವಿ ಗೋತಿಯೆ ಪುಟಗಟ್ಟಲೆ ಬರೆದರು. ‘ಜಿಸೆಲ್’ ಕಥೆ ಕಟ್ಟಿದವರಲ್ಲಿ ಇವರೂ ಒಬ್ಬರು. 1858ರಲ್ಲಿ ಕಾಳಿದಾಸನ ಶಕುಂತಲೆಯನ್ನೂ ಬ್ಯಾಲೆಗೆ ಬರೆದುಕೊಟ್ಟರು. ಇಷ್ಟೆಲ್ಲ ಆದ ಮೇಲೂ ರಂಗದ ಮೇಲೆ ಉಳಿದದ್ದು ಬಿಳಿ ಟೂಟು (ಬ್ಯಾಲೆಯ ಲಂಗ) ಹಾಕಿದ ನಿಕಿಯಾ.

ಥೇಮ್ಸ್ ದಂಡೆ
@ತಟ್ಟುಮಣೆ ಅಕ್ಕ, ಕಥೆಯ ಬಗ್ಗೆ ನೀವು ಹೇಳಿದ್ದಕ್ಕೆಲ್ಲ ಸೈ. ಆದರೆ ಅದರ ನೆರಳುಗಳ ದೃಶ್ಯ ನೋಡಿದ್ದೀರಾ? ಇಳಿಜಾರಿನ ಮೇಲೆ ಒಬ್ಬೊಬ್ಬರೇ ಬಿಳಿ ಉಡುಪಿನಲ್ಲಿ ಇಳಿಯುತ್ತಾರೆ. ಒಂದು ಕಾಲು ಹಿಂದಕ್ಕೆ ಎತ್ತಿ ಬಾಗುವುದು, ಎರಡು ಹೆಜ್ಜೆ, ಮತ್ತೆ ಅದೇ. ಮುಂದೆ ಇಳಿಯುವವಳು ಕೊನೆಯವಳು ಬರುವ ತನಕ ಅದನ್ನೇ ಮಾಡುತ್ತಿರಬೇಕು. ಕೆಲವು ತಂಡಗಳಲ್ಲಿ 24 ಜನ, ಕೆಲವುದರಲ್ಲಿ 32. ಒಬ್ಬಳ ಕಣಕಾಲು ನಡುಗಿದರೂ ಗೊತ್ತಾಗುತ್ತದೆ. ಅದನ್ನು ಹೇಗೆ ಬಿಸಾಕುವುದು?

ತಟ್ಟುಮಣೆ
ಬಿಸಾಕಿ ಅಂತ ಎಲ್ಲಿ ಹೇಳಿದೆ? ಆ ದೃಶ್ಯ ಇರಲಿ. ಸುತ್ತಲಿನ ಜಾತ್ರೆ ತೆಗೆಯಿರಿ. ಚೆನ್ನೈನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಕೆಲಸ ಮಾಡುವ ಶೋಭನಾ ಜಯಸಿಂಗ್ 2015ರಲ್ಲಿ ಇದೇ ಕಥೆಯನ್ನು ಆ 1838ರ ಹೆಂಗಸರ ಕಡೆಯಿಂದ ನೋಡಿ ಹೊಸ ನೃತ್ಯ ಮಾಡಿದರು. ಹಾಗೆ ಮಾಡಿ ಅಂದೆ.

ದಂಡಿನ ಹಳಬ
ಭಾರತದ ಮಾತು ಬಂತು, ಬೆಂಗಳೂರಿನವರನ್ನೇ ಎಲ್ಲರೂ ಮರೆತಿರಿ. ರಾಮ್ ಗೋಪಾಲ್! 1912ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದವರು. ಕಥಕಳಿ, ಭರತನಾಟ್ಯ ಕಲಿತು 1939ರಲ್ಲಿ ಲಂಡನ್ನಿನ ಆಲ್ಡ್‌ವಿಚ್ ಥಿಯೇಟರಿನಲ್ಲಿ ಕುಣಿದಾಗ ಅಲ್ಲಿನವರು ‘ಭಾರತದ ನಿಜಿನ್‌ಸ್ಕಿ’ ಅಂದರು. ನಿಜಿನ್‌ಸ್ಕಿ ಅಂದರೆ ರಷ್ಯಾದ ಹೆಸರಾಂತ ಬ್ಯಾಲೆ ನರ್ತಕ. 1960ರಲ್ಲಿ ಇಂಗ್ಲೆಂಡಿನ ದೊಡ್ಡ ಬ್ಯಾಲೆರಿನಾ ಅಲಿಸಿಯಾ ಮಾರ್ಕೋವಾ ಅವರ ಜೊತೆ ರಾಧಾ ಕೃಷ್ಣ ಮಾಡಿದರು. ಈಗ ಬೆಂಗಳೂರಿನಲ್ಲಿ ಹತ್ತು ಜನರನ್ನು ಕೇಳಿ, ಒಬ್ಬರಿಗೂ ಹೆಸರು ಗೊತ್ತಿರಲ್ಲ.

ಇನ್ನೊಬ್ಬರು ಮಾಯಾ ರಾವ್. ಕಥಕ್ ಕಲಾವಿದೆ. 1960ರ ದಶಕದಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗಿ ನೃತ್ಯ ಸಂಯೋಜನೆಯನ್ನು ಕ್ರಮವಾಗಿ ಕಲಿತು ಬಂದವರು. ಮಲ್ಲೇಶ್ವರದಲ್ಲಿ ಅವರ ನಾಟ್ಯ ಸಂಸ್ಥೆಯಲ್ಲಿ ಕಲಿತವರು ಇವತ್ತು ಎಲ್ಲೆಲ್ಲೂ ಇದ್ದಾರೆ. 2014ರಲ್ಲಿ ತೀರಿಕೊಂಡರು.

ಮೇಷ್ಟ್ರು ಶಿವಮೊಗ್ಗ
ರಷ್ಯಾದ ಬ್ಯಾಲೆರಿನಾ ಅನ್ನಾ ಪಾವ್ಲೋವಾ ಅವರನ್ನೂ ಸೇರಿಸಿ. 1923ರಲ್ಲಿ ಲಂಡನ್ನಿನಲ್ಲಿ ಚಿತ್ರಕಲೆ ಓದುತ್ತಿದ್ದ ಉದಯಶಂಕರರನ್ನು ಕೃಷ್ಣನನ್ನಾಗಿ ಮಾಡಿ ತಾವು ರಾಧೆಯಾಗಿ ಕುಣಿದರು. ಮುಂದೆ ಭರತನಾಟ್ಯಕ್ಕೆ ಹೆಸರಾದ ರುಕ್ಮಿಣಿ ದೇವಿ ಬ್ಯಾಲೆ ಕಲಿಯಲು ಹೋದದ್ದೂ ಪಾವ್ಲೋವಾ ತಂಡದ ಕ್ಲಿಯೊ ನೋರ್ಡಿ ಹತ್ತಿರ. ನಿಮ್ಮ ದೇಶದ ಕಲೆಯ ಕಡೆಗೂ ನೋಡಿ ಅಂತ ಪಾವ್ಲೋವಾ ಹೇಳಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ರುಕ್ಮಿಣಿ ದೇವಿಯವರ ನೃತ್ಯಶಾಲೆ ಕಲಾಕ್ಷೇತ್ರ ಶುರುವಾದದ್ದು 1936.

ತಟ್ಟುಮಣೆ
ಆ ಕಥೆಯನ್ನು ಎಲ್ಲರೂ ಹೇಳುತ್ತಾರೆ ಮೇಷ್ಟ್ರೇ. ರುಕ್ಮಿಣಿ ದೇವಿಗೆ ಕಲಿಸಿದ ದೇವದಾಸಿ ಮನೆತನದ ಹೆಂಗಸರ ಹೆಸರು ಎಷ್ಟು ಜನ ಹೇಳುತ್ತಾರೆ? ಮೈಲಾಪುರದ ಗೌರಿ ಅಮ್ಮ. ಅದನ್ನೂ ಬರೆಯಿರಿ.

ಲೆಕ್ಕಾಚಾರ
ಎಲ್ಲಾ ಸರಿ. ಕೊನೆಗೂ ಇದು ದುಡ್ಡಿದ್ದವರ ಆಟ. ರಾಜ ಶುರು ಮಾಡಿದ, ಈಗ ಕಾರ್ಪೊರೇಟ್‌ನವರು ಕೂತು ನೋಡುತ್ತಾರೆ.

ಥೇಮ್ಸ್ ದಂಡೆ
ನೋಡುವವರಲ್ಲಿ ದುಡ್ಡಿದ್ದವರು ಜಾಸ್ತಿ, ಒಪ್ಪಿದೆ. ಕುಣಿಯುವವರು ಹಾಗಲ್ಲ. ಕಾರ್ಲೋಸ್ ಅಕೋಸ್ಟಾ ಕ್ಯೂಬಾದ ಲಾರಿ ಡ್ರೈವರ್ ಮಗ. ರಾಯಲ್ ಬ್ಯಾಲೆಯಲ್ಲಿ ಮೊದಲ ಸಾಲಿನ ನರ್ತಕನಾಗಿ ಮೆರೆದು ಈಗ ಬರ್ಮಿಂಗ್‌ಹ್ಯಾಮ್ ರಾಯಲ್ ಬ್ಯಾಲೆಯ ಮುಖ್ಯಸ್ಥ. ದೆಹಲಿಯ ಇ-ರಿಕ್ಷಾ ಓಡಿಸುವವರ ಮಗ ಕಮಲ್ ಸಿಂಗ್ 2020ರಲ್ಲಿ ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಬ್ಯಾಲೆ ಶಾಲೆಗೆ ಬಂದರು, ಜನ ದುಡ್ಡು ಸೇರಿಸಿ ಕಳಿಸಿದ್ದು. ಮಿಸ್ಟಿ ಕೋಪ್‌ಲ್ಯಾಂಡ್ ಮೊದಲು ಬ್ಯಾಲೆ ಕಲಿತಾಗ 13 ವರ್ಷ, ಈ ಲೆಕ್ಕದಲ್ಲಿ ಅದು ಮುದುಕಿ ವಯಸ್ಸು! 2015ರಲ್ಲಿ ಅಮೆರಿಕನ್ ಬ್ಯಾಲೆ ಥಿಯೇಟರಿನ ಪ್ರಿನ್ಸಿಪಾಲ್, ಅಂದರೆ ಅಗ್ರ ನರ್ತಕಿಯ ಸ್ಥಾನಕ್ಕೇರಿದ ಮೊದಲ ಕಪ್ಪು ಮಹಿಳೆ. ಕಂಪನಿ ಶುರುವಾದದ್ದು 1939ರಲ್ಲಿ, ಲೆಕ್ಕ ಹಾಕಿ.

ಕಪ್ಪು ನರ್ತಕಿಯರು ತಿಳಿ ಗುಲಾಬಿ ಶೂಗೆ ಫೌಂಡೇಶನ್ ಹಚ್ಚಿ ಹಚ್ಚಿ ತಮ್ಮ ಮೈಬಣ್ಣಕ್ಕೆ ತಂದುಕೊಳ್ಳುತ್ತಿದ್ದರು. ಲಂಡನ್ನಿನ ಫ್ರೀಡ್ ಕಂಪನಿ ಅವರಿಗೆಂದು ಕಂದು ಬಣ್ಣದ ಪಾಯಿಂಟ್ ಶೂ (ತುದಿಗಾಲಲ್ಲಿ ಕುಣಿಯುವ ಶೂ) ತಂದದ್ದು 2018ರಲ್ಲಿ.

ಹುಬ್ಬಳ್ಳಿ ಗಿರಮಿಟ್
ಪ್ಯಾರಿಸ್ ಒಪೆರಾದವರು ಹೋರಾಟ ಮಾಡಿದ್ದು ನೆನಪೈತೇನ್ರಿ? 2019ರ ಡಿಸೆಂಬರ್ 24. ಪಿಂಚಣಿ ತೆಗೀತೀವಿ ಅಂತ ಸರಕಾರ ಹೇಳಿದ್ದಕ್ಕೆ ನರ್ತಕಿಯರು ಒಪೆರಾ ಮೆಟ್ಟಿಲ ಮೇಲೆ, ಆ ಚಳಿಯಾಗ, ‘ಸ್ವಾನ್ ಲೇಕ್’ ಕುಣಿದರು. ಅವರಿಗೆ 42ಕ್ಕೇ ನಿವೃತ್ತಿ. ಪಿಂಚಣಿ ಶುರು ಮಾಡಿದ್ದು ಯಾರು ಹೇಳ್ರಿ? ಅದೇ 14ನೇ ಲೂಯಿ, 1698ರಲ್ಲಿ.

ಕಾಫಿಪುಡಿ
ಇದು ಗೊತ್ತೇ ಇರಲಿಲ್ಲ. 42ಕ್ಕೆ ನಿವೃತ್ತಿ ಆದವರು ಆಮೇಲೆ ಏನು ಮಾಡುತ್ತಾರೆ?

ಮೂವತ್ತರ ಪ್ಲಿಯೆ
ಬಹಳ ಜನ ಕಲಿಸುತ್ತಾರೆ. ಆ ಕುರ್ಚಿ ಮೇಲೆ ಕೂರುವವರು ಅವರೇ. ಕೆಲವರು ಬಿಡುವುದೇ ಇಲ್ಲ. ಕ್ಯೂಬಾದ ಅಲಿಸಿಯಾ ಅಲೊನ್ಸೊಗೆ ಇಪ್ಪತ್ತರ ಆಸುಪಾಸಿನಲ್ಲೇ ಕಣ್ಣು ಹೋಗತೊಡಗಿತು. ಆಪರೇಷನ್ ಆಗಿ ಕಣ್ಣಿಗೆ ಪಟ್ಟಿ ಕಟ್ಟಿ ತಿಂಗಳುಗಟ್ಟಲೆ ಮಲಗಿಸಿದ್ದರು, ತಲೆ ಅಲ್ಲಾಡಿಸುವ ಹಾಗಿಲ್ಲ. ಹಾಸಿಗೆಯ ಮೇಲೆ ಎರಡು ಬೆರಳನ್ನು ಕಾಲು ಮಾಡಿಕೊಂಡು ‘ಜಿಸೆಲ್’ ಪಾತ್ರದ ಹೆಜ್ಜೆಗಳನ್ನೆಲ್ಲ ಕಲಿತರು. 1943ರಲ್ಲಿ ನ್ಯೂಯಾರ್ಕಿನಲ್ಲಿ ಆ ಪಾತ್ರ ಮಾಡಿ ಹೆಸರಾದರು. ಮುಂದೆ ರಂಗದ ದೀಪಗಳ ಬೆಳಕನ್ನೇ ಗುರುತಿಟ್ಟುಕೊಂಡು ದಶಕಗಟ್ಟಲೆ ಕುಣಿದರು, ಹವಾನಾದಲ್ಲಿ ಕಂಪನಿ ಕಟ್ಟಿದರು. ಅಕೋಸ್ಟಾ ಬಂದದ್ದು ಆ ಪರಂಪರೆಯಿಂದಲೇ.

ದಂಡಿನ ಹಳಬ
1991ರ ಆಗಸ್ಟಿನಲ್ಲಿ ಮಾಸ್ಕೋದಲ್ಲಿ ಸೈನ್ಯದ ಟ್ಯಾಂಕ್ ಬೀದಿಗಿಳಿದಾಗ ಅಲ್ಲಿನ ಟಿವಿಯಲ್ಲಿ ಸುದ್ದಿ ಬಿಟ್ಟು ‘ಸ್ವಾನ್ ಲೇಕ್’ ಹಾಕುತ್ತಿದ್ದರು. ಟಿವಿಯಲ್ಲಿ ಹಂಸ ಬಂದರೆ ಏನೋ ಆಗಿದೆ ಅಂತ ಅಲ್ಲಿನವರ ಲೆಕ್ಕ. 2022ರ ಮಾರ್ಚಿನಲ್ಲಿ ರಷ್ಯಾದ ಸ್ವತಂತ್ರ ‘ಟಿವಿ ರೇನ್’ ಚಾನೆಲ್‌ನವರು ಪ್ರಸಾರ ನಿಲ್ಲಿಸುವಾಗಲೂ ಅದನ್ನೇ ಹಾಕಿ ಎದ್ದುಹೋದರು. ಅದೇ ತಿಂಗಳು ಬೊಲ್ಶೊಯ್‌ನ ಓಲ್ಗಾ ಸ್ಮಿರ್ನೋವಾ ಉಕ್ರೇನ್ ಮೇಲಿನ ಯುದ್ಧ ಒಪ್ಪಲ್ಲ ಅಂತ ಹೇಳಿ ಆಮ್‌ಸ್ಟರ್‌ಡ್ಯಾಮಿನ ತಂಡ ಸೇರಿದರು. ಕೀವ್ ಒಪೆರಾದ ನರ್ತಕ ಅರ್ತ್ಯೋಮ್ ದತ್ಸಿಶಿನ್ ಶೆಲ್ ದಾಳಿಯಲ್ಲಿ ಗಾಯಗೊಂಡು ತೀರಿಕೊಂಡದ್ದೂ ಆಗಲೇ.

ಕುಂದಾಪ್ರ ಮಾಣಿ
ಛೆ.

ಎಂಟರ ಅಮ್ಮ
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. ಮಗಳಿಗೆ ಎಂಟು ವರ್ಷ. ಬೆಂಗಳೂರಿನಲ್ಲಿ ಕ್ಲಾಸಿಗೆ ಸೇರಿಸಿ ಸ್ವಲ್ಪ ದಿನ ಆಯಿತು. ತುದಿಗಾಲಲ್ಲಿ ನಿಲ್ಲುವ ಆ ಸ್ಯಾಟಿನ್ ಶೂ ಬೇಕು ಅಂತ ಒಂದೇ ಹಠ. ಆನ್‌ಲೈನಲ್ಲಿ ತರಿಸಲಾ?

ಮೂವತ್ತರ ಪ್ಲಿಯೆ
ಖಂಡಿತ ಬೇಡ! ಪಾದದ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಸಾಮಾನ್ಯವಾಗಿ 11–12ರ ಮೊದಲು ಕೊಡುವುದಿಲ್ಲ. ಅದೂ ಕೆಲವು ವರ್ಷ ಕಲಿತು ಕಣಕಾಲು ಗಟ್ಟಿಯಾಗಿದ್ದರೆ ಮಾತ್ರ, ಟೀಚರ್ ನೋಡಿ ಹೇಳಬೇಕು. ಆ ಶೂ ಒಳಗೆ ಕಬ್ಬಿಣ, ಮರ ಏನೂ ಇಲ್ಲ. ಬಟ್ಟೆ, ಕಾಗದ, ಅಂಟು ಪದರ ಪದರವಾಗಿ ಸೇರಿಸಿ ಒಣಗಿಸಿರುತ್ತಾರೆ. ಹೊಸದು ಬಂದರೆ ದೊಡ್ಡವರು ಅದನ್ನು ಬಾಗಿಸಿ, ಬಾಗಿಲ ಸಂದಿಗೆ ಸಿಕ್ಕಿಸಿ ಒತ್ತಿ, ಸದ್ದು ಮಾಡದಿರಲಿ ಅಂತ ನೆಲಕ್ಕೆ ಬಡಿದು ಹದ ಮಾಡುತ್ತಾರೆ. ರಿಬ್ಬನ್ ತಾವೇ ಹೊಲಿದುಕೊಳ್ಳುತ್ತಾರೆ. ದೊಡ್ಡ ಪಾತ್ರ ಮಾಡುವವರಿಗೆ ಒಂದೇ ರಾತ್ರಿಗೆ ಒಂದು ಜೊತೆ ಮೆತ್ತಗಾಗಿ ಹೋಗುತ್ತದೆ. 1832ರಲ್ಲಿ ಮಾರಿ ತಾಲ್ಯೋನಿ ‘ಲಾ ಸಿಲ್ಫೀಡ್’ನಲ್ಲಿ ತುದಿಗಾಲಲ್ಲಿ ಕುಣಿದಾಗ ಈ ಗಟ್ಟಿ ತುದಿಯೂ ಇರಲಿಲ್ಲ, ಮೆತ್ತನೆಯ ಶೂ ಅಂಚಿಗೆ ಹೊಲಿಗೆ ಹಾಕಿಕೊಂಡು ಕುಣಿದದ್ದು.

ಶೂಗಿಂತ ಮೊದಲು ಕ್ಲಾಸಿನ ನೆಲ ನೋಡಿ ಬನ್ನಿ. ನಾನು ಮೊದಲು ಹೋಗುತ್ತಿದ್ದ ಕಡೆ ಮಾರ್ಬಲ್ ನೆಲ, ಮೇಲೊಂದು ತೆಳು ಹಾಸು. ಎಗರಿ ಎಗರಿ ಮೊಣಕಾಲು ಕೆಳಗೆ ಮೂಳೆ ನೋವು ಬಂದು ಬಿಟ್ಟೆ. ಮರದ ಹಲಗೆ ಇದ್ದು, ಕೆಳಗೆ ಸ್ವಲ್ಪ ಟೊಳ್ಳು ಬಿಟ್ಟಿರಬೇಕು, ಹಾರಿದಾಗ ನೆಲವೂ ಚೂರು ಬಗ್ಗಬೇಕು.

ಎಂಟರ ಅಮ್ಮ
ಅಯ್ಯೋ, ಇವರ ಕ್ಲಾಸ್ ಇರುವುದು ಅಪಾರ್ಟ್‌ಮೆಂಟಿನ ಪಾರ್ಟಿ ಹಾಲ್‌ನಲ್ಲಿ. ಟೈಲ್ಸ್ ನೆಲ. ನಾಳೆಯೇ ಮಾತಾಡುತ್ತೇನೆ.

ಲೆಕ್ಕಾಚಾರ
ಮೇಡಂ, ಫೀಸು ಮೂರು ತಿಂಗಳದ್ದು ಒಟ್ಟಿಗೆ ಕಟ್ಟಿದ್ದೀರಾ? ಮೊದಲು ಅದನ್ನು ವಾಪಸ್ ಕೊಡ್ತಾರಾ ಕೇಳಿ.